ಓದುಗರ ಪ್ರಶ್ನೆ: ಫೆಚ್ ಮಾಡಿದ್ದಾಯ್ತು, ಬಂದದ್ದೇನು?

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಇರುವುದು ಒಂದೇ ವಿಷಯ. ಬ್ರೌಸರಿನಲ್ಲಿ ಓಡುವ ಜಾವಾಸ್ಕ್ರಿಪ್ಟಿನಿಂದ ಇನ್ನೊಂದು ಸರ್ವರಿನ ಡೇಟಾ ತರುವುದು ಹೇಗೆ, ತಂದರೂ ಯಾಕೆ ಕೈಗೆ ಸಿಗುತ್ತಿಲ್ಲ ಅಂತ. ಹೀಗೆ ತರಿಸುವ ಜಾವಾಸ್ಕ್ರಿಪ್ಟ್ ಫಂಕ್ಷನ್ನೇ ಫೆಚ್. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಕೋಡಿನ ಪದಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಎಂದಿನಂತೆ ಇಂಗ್ಲಿಷಿನಲ್ಲೇ ಹೊಡೆಯಿರಿ. ಓದುವಾಗ ಪಕ್ಕದಲ್ಲಿ ಬ್ರೌಸರ್ ತೆರೆದು, ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್ ಬಿಚ್ಚಿಟ್ಟುಕೊಂಡರೆ ಒಳ್ಳೆಯದು. ಕನ್ಸೋಲಿನ ಕೆಂಪು ಸಾಲು ಅರ್ಧ ಮಾತು ಮಾತ್ರ ಹೇಳುತ್ತದೆ.

ಪ್ರಶ್ನೆ: ನನ್ನ ಎಪಿಐ (ಸರ್ವರಿನಿಂದ ಡೇಟಾ ಕೊಡುವ ಸೇವೆ) ವಿಳಾಸವನ್ನು ಅಡ್ರೆಸ್ ಬಾರಿನಲ್ಲಿ ಹಾಕಿದರೆ ಡೇಟಾ ಬರುತ್ತದೆ. ಪೋಸ್ಟ್‌ಮನ್‌ನಲ್ಲೂ (ಎಪಿಐ ಪರೀಕ್ಷಿಸುವ ಆ್ಯಪ್) ಬರುತ್ತದೆ. ನನ್ನ ಪುಟದಿಂದ ಫೆಚ್ ಮಾಡಿದರೆ ಮಾತ್ರ ಕಾರ್ಸ್ ಎರರ್. ಮೋಡ್ ಅನ್ನು 'ನೋ-ಕಾರ್ಸ್' ಮಾಡಿ ಅಂತ ಯಾರೋ ಹೇಳಿದರು. ಎರರ್ ಹೋಯಿತು, ಆದರೆ ಡೇಟಾ ಖಾಲಿ. ಬ್ರೌಸರ್ ಯಾಕೆ ಹೀಗೆ ಹಟ ಮಾಡುತ್ತದೆ?
— ಬಿಸಿಎ ವಿದ್ಯಾರ್ಥಿನಿ, ಹಾಸನ

ಹಟ ಮಾಡುವುದಕ್ಕೆ ಕಾರಣ ಇದೆ. ನೀವು ಬ್ಯಾಂಕಿನ ಸೈಟಿಗೆ ಲಾಗಿನ್ ಆಗಿರುತ್ತೀರಿ, ಇನ್ನೊಂದು ಟ್ಯಾಬಿನಲ್ಲಿ ಯಾವುದೋ ಗೊತ್ತಿಲ್ಲದ ಸೈಟು ತೆರೆದಿರುತ್ತದೆ. ಆ ಸೈಟಿನ ಕೋಡು ನಿಮ್ಮ ಕುಕಿ ಬಳಸಿ ಬ್ಯಾಂಕಿನ ಪುಟ ತರಿಸಿಕೊಂಡು ಓದುವ ಹಾಗಿದ್ದರೆ ಏನು ಗತಿ ಹೇಳಿ. ಅದಕ್ಕೇ ಒಂದು ಮೂಲದ ಪುಟ ಇನ್ನೊಂದು ಮೂಲದ ಉತ್ತರವನ್ನು ಓದಬೇಕಾದರೆ ಆ ಇನ್ನೊಂದು ಸರ್ವರ್ ಒಪ್ಪಿಗೆ ಕೊಡಬೇಕು. ಈ ಒಪ್ಪಿಗೆಯ ನಿಯಮಕ್ಕೇ ಕಾರ್ಸ್ ಅನ್ನುತ್ತಾರೆ. ಪೋಸ್ಟ್‌ಮನ್ ಬ್ರೌಸರ್ ಪುಟ ಅಲ್ಲ, ಅದಕ್ಕೆ ಈ ನಿಯಮ ಇಲ್ಲ. ಅಡ್ರೆಸ್ ಬಾರಿನಲ್ಲಿ ನೀವೇ ಹೋಗಿ ನೋಡುತ್ತಿದ್ದೀರಿ, ನಡುವೆ ಬೇರೆಯವರ ಕೋಡಿಲ್ಲ.

ಇಲ್ಲಿ ಮೂಲ ಅಂದರೆ ಮೂರು ಸೇರಿ: ಎಚ್‌ಟಿಟಿಪಿಯೋ ಎಚ್‌ಟಿಟಿಪಿಎಸ್ಸೋ, ಹೋಸ್ಟ್ ಹೆಸರು, ಪೋರ್ಟ್ ಸಂಖ್ಯೆ. ಮೂರರಲ್ಲಿ ಒಂದು ಬದಲಾದರೂ ಮೂಲ ಬೇರೆ. ನಿಮ್ಮ ಪುಟ ಲೋಕಲ್‌ಹೋಸ್ಟ್:5500ರಲ್ಲಿ, ಎಪಿಐ ಲೋಕಲ್‌ಹೋಸ್ಟ್:3000ದಲ್ಲಿ ಇದ್ದರೆ, ಎರಡೂ ನಿಮ್ಮದೇ ಲ್ಯಾಪ್‌ಟಾಪಿನಲ್ಲಿದ್ದರೂ ಬ್ರೌಸರಿನ ಲೆಕ್ಕದಲ್ಲಿ ಅವು ಪರಕೀಯ. ಲೋಕಲ್‌ಹೋಸ್ಟ್ ಮತ್ತು 127.0.0.1 ಕೂಡ ಬೇರೆ ಬೇರೆ. ಇನ್ನು ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದಿದ್ದರೆ ಅದರ ಮೂಲ 'ನಲ್' ಅಂತ ಹೋಗುತ್ತದೆ. ಅಂಥದ್ದಕ್ಕೆ ಎಷ್ಟೋ ಸರ್ವರುಗಳು ಒಪ್ಪಿಗೆ ಕೊಡುವುದಿಲ್ಲ.

ಒಪ್ಪಿಗೆ ಎಂದರೆ ಉತ್ತರದ ಜೊತೆ ಸರ್ವರ್ ಕಳಿಸುವ ಒಂದು ಹೆಡರ್ (ತಲೆಬರಹದ ಸಾಲು): ಆಕ್ಸೆಸ್-ಕಂಟ್ರೋಲ್-ಅಲೌ-ಒರಿಜಿನ್. ಇದನ್ನು ಸರ್ವರ್ ಕಳಿಸಬೇಕು. ತುಂಬ ಜನ ಇದನ್ನು ತಮ್ಮ ಫೆಚ್ಚಿನ ಹೆಡರ್ಸಿನಲ್ಲಿ ತುರುಕುತ್ತಾರೆ. ಅದರಿಂದ ಉಪಯೋಗ ಇಲ್ಲ, ಬದಲಿಗೆ ಉಪದ್ರ ಜಾಸ್ತಿ. ಗುರುತಿಲ್ಲದ ಹೆಡರ್ ಕಂಡ ಕೂಡಲೇ ಬ್ರೌಸರ್ ಮೊದಲು 'ಆಪ್ಷನ್ಸ್' ಅನ್ನುವ ಇನ್ನೊಂದು ವಿನಂತಿ ಕಳಿಸಿ, "ಹೀಗೊಂದು ಬರುತ್ತಿದೆ, ಬಿಡಲಾ?" ಅಂತ ಸರ್ವರನ್ನು ಕೇಳುತ್ತದೆ. ಇದಕ್ಕೆ ಪ್ರೀಫ್ಲೈಟ್ ಅನ್ನುತ್ತಾರೆ. ಜೇಸನ್ (ಡೇಟಾವನ್ನು ಪಠ್ಯವಾಗಿ ಬರೆಯುವ ಒಂದು ಕ್ರಮ) ರೂಪದಲ್ಲಿ ಪೋಸ್ಟ್ ಮಾಡಿದರೂ, ಆಥರೈಸೇಶನ್ ಹೆಡರ್ ಹಾಕಿದರೂ ಇದು ಆಗುತ್ತದೆ. ಸರ್ವರ್ ಬರೆದವರು ಗೆಟ್ (ಡೇಟಾ ಕೇಳುವ ವಿನಂತಿ) ಮತ್ತು ಪೋಸ್ಟಿಗೆ (ಡೇಟಾ ಕಳಿಸುವ ವಿನಂತಿ) ಮಾತ್ರ ಉತ್ತರ ಬರೆದು ಆಪ್ಷನ್ಸ್ ಮರೆತಿದ್ದರೆ ಅಲ್ಲಿಗೆ ಕಥೆ ಮುಗಿಯಿತು. ಗೆಟ್ ಕೆಲಸ ಮಾಡುತ್ತದೆ, ಪೋಸ್ಟ್ ಮಾಡುವುದಿಲ್ಲ ಅಂದರೆ ಮೊದಲ ಅನುಮಾನ ಇದರ ಮೇಲೇ ಇರಲಿ.

'ನೋ-ಕಾರ್ಸ್' ಸಲಹೆ ಕೊಟ್ಟವರನ್ನು ಇನ್ನು ಮುಂದೆ ಕೇಳಬೇಡಿ. ಅದು "ವಿನಂತಿ ಕಳಿಸು, ಉತ್ತರ ನನಗೆ ತೋರಿಸದಿದ್ದರೂ ಪರವಾಗಿಲ್ಲ" ಅನ್ನುವ ಆಯ್ಕೆ. ಸ್ಟೇಟಸ್ ಸೊನ್ನೆ, ಒಳಗೆ ಖಾಲಿ. ನಿಮಗೆ ಬೇಕಿದ್ದದ್ದೇ ಉತ್ತರ ಅಲ್ವಾ? ಕಾರ್ಸ್ ಆಫ್ ಮಾಡುವ ಎಕ್ಸ್‌ಟೆನ್ಷನ್‌ಗಳೂ ಅಷ್ಟೇ. ನಿಮ್ಮ ಬ್ರೌಸರಿನಲ್ಲಿ ನಡೆಯುತ್ತದೆ, ನಿಮ್ಮ ಮೇಷ್ಟರ ಬ್ರೌಸರಿನಲ್ಲಿ ಡೆಮೊ ದಿನ ನಡೆಯುವುದಿಲ್ಲ.

ಸರ್ವರ್ ನಿಮ್ಮದೇ ಆಗಿದ್ದರೆ ಅಲ್ಲೇ ಒಪ್ಪಿಗೆ ಹಾಕಿ. ಬೇರೆಯವರದ್ದಾದರೆ ನಿಮ್ಮದೊಂದು ಪುಟ್ಟ ಸರ್ವರ್ ನಡುವೆ ಇಟ್ಟು ಅದರ ಮೂಲಕ ತರಿಸಿ. ಸರ್ವರಿನಿಂದ ಸರ್ವರಿಗೆ ಈ ತಡೆ ಇಲ್ಲ.

ಒಂದು ವಿಷಯ ಮಾತ್ರ ನೆನಪಿರಲಿ. ಎಷ್ಟೋ ಸಲ ನಿಜವಾದ ತೊಂದರೆ ಕಾರ್ಸೇ ಆಗಿರುವುದಿಲ್ಲ. ಸರ್ವರ್ ಒಳಗೆ ಎಲ್ಲೋ ಕುಸಿದು 500 (ಸರ್ವರ್ ದೋಷದ ಸ್ಟೇಟಸ್) ಕಳಿಸಿರುತ್ತದೆ, ಆ ಕುಸಿದ ಉತ್ತರಕ್ಕೆ ಒಪ್ಪಿಗೆಯ ಹೆಡರ್ ಅಂಟಿಸುವವರು ಇಲ್ಲ, ಬ್ರೌಸರ್ ಹೆಡರ್ ಕಾಣದೆ ಕಾರ್ಸ್ ಅಂತ ಕೂಗುತ್ತದೆ. ನೆಟ್‌ವರ್ಕ್ ಟ್ಯಾಬಿನಲ್ಲಿ ಆ ಸಾಲಿನ ಸ್ಟೇಟಸ್ ನೋಡಿ. ಅಲ್ಲಿ 500 ಇದ್ದರೆ ಕಾರ್ಸ್ ಮರೆತು ಸರ್ವರಿನ ಲಾಗ್ ತೆರೆಯಿರಿ.

ಪ್ರಶ್ನೆ: ಫೆಚ್ ಮಾಡಿದ ಮುಂದಿನ ಸಾಲಿನಲ್ಲೇ ಡೇಟಾ ಪ್ರಿಂಟ್ ಮಾಡಿದರೆ 'ಅನ್‌ಡಿಫೈನ್ಡ್'. ಎರಡು ಸೆಕೆಂಡಿನ ಸೆಟ್‌ಟೈಮ್‌ಔಟ್ ಹಾಕಿದರೆ ಸರಿಯಾಗಿ ಬರುತ್ತದೆ. ಹಾಗೇ ಬಿಡಬಹುದಾ?
— ದಾವಣಗೆರೆ

ಬಿಡಬೇಡಿ. ನಿಮ್ಮ ಮನೆಯ ವೈಫೈನಲ್ಲಿ ಎರಡು ಸೆಕೆಂಡ್ ಸಾಕು, ಬಸ್ಸಿನಲ್ಲಿ ಕೂತವರ ಮೊಬೈಲಿಗೆ ಹತ್ತೂ ಸಾಲದು. ಫೆಚ್ ಕರೆದ ಕ್ಷಣ ನಿಮ್ಮ ಕೈಗೆ ಬರುವುದು ಡೇಟಾ ಅಲ್ಲ, ಪ್ರಾಮಿಸ್, ಅಂದರೆ ಆಮೇಲೆ ಕೊಡುತ್ತೇನೆ ಅನ್ನುವ ಮಾತು. ಡೇಟಾ ದಾರಿಯಲ್ಲಿದೆ. ಜಾವಾಸ್ಕ್ರಿಪ್ಟ್ ಅದಕ್ಕಾಗಿ ಕಾಯದೆ ಮುಂದಿನ ಸಾಲಿಗೆ ಹೋಗುತ್ತದೆ. ಕಾಯಿಸಬೇಕಾದರೆ ಅವೇಟ್ ಬರೆಯಿರಿ, ಎರಡು ಕಡೆ: ಒಂದು ಫೆಚ್ಚಿನ ಮುಂದೆ, ಇನ್ನೊಂದು ಉತ್ತರದ ಡಾಟ್ ಜೇಸನ್ ಮುಂದೆ. ಎರಡನೆಯದನ್ನು ಮರೆಯುವವರೇ ಜಾಸ್ತಿ. ಫೆಚ್ ಮುಗಿಯಿತು ಅಂದರೆ ಹೆಡರ್ ಬಂತು ಅಂತ ಅಷ್ಟೇ, ಒಳಗಿನ ಮಾಲು ಇನ್ನೂ ಬರುತ್ತಿರಬಹುದು.

ಫಾರ್‌ಈಚ್ ಒಳಗೆ ಅವೇಟ್ ಹಾಕಿ ಕಾಯುತ್ತದೆ ಅಂದುಕೊಳ್ಳಬೇಡಿ, ಅದು ಕಾಯುವುದಿಲ್ಲ. ಒಂದಾದ ಮೇಲೆ ಒಂದು ತರಬೇಕಾದರೆ ಫಾರ್-ಆಫ್ ಲೂಪ್. ಎಲ್ಲ ಒಟ್ಟಿಗೆ ಬೇಕಾದರೆ ಪ್ರಾಮಿಸ್.ಆಲ್. ಆದರೆ ಪ್ರಾಮಿಸ್.ಆಲ್‌ನಲ್ಲಿ ಒಂದು ಕೆಟ್ಟರೆ ಉಳಿದವೂ ಕೈಗೆ ಸಿಗುವುದಿಲ್ಲ, ಸಿಕ್ಕಷ್ಟು ಸಾಕು ಅನ್ನುವ ಕಡೆ ಪ್ರಾಮಿಸ್.ಆಲ್‌ಸೆಟಲ್ಡ್ ಬಳಸಿ.

ಪ್ರಶ್ನೆ: ನಮ್ಮ ಊರಿನವರಿಗಾಗಿ ಅಡಿಕೆ ಧಾರಣೆ ತೋರಿಸುವ ಒಂದು ಪುಟ ಮಾಡಿದ್ದೇನೆ. ಗೆಳೆಯ ಮಾಡಿಕೊಟ್ಟ ಸರ್ವಿಸ್‌ನಿಂದ ಡೇಟಾ ಬರುತ್ತದೆ, ಎರರ್ ಏನೂ ಇಲ್ಲ. ಆದರೆ ಹೆಚ್ಚಿನ ರೇಟು ಮೇಲೆ ಬರುವಂತೆ ಜೋಡಿಸಿದರೆ ಸರಕು (ಅಡಿಕೆಯ ಒಂದು ಬಗೆ) ಹೋಗಿ ಭತ್ತಕ್ಕಿಂತ ಕೆಳಗೆ ಕೂರುತ್ತದೆ. ಪಾರ್ಸ್‌ಇಂಟ್ ಹಾಕಿದೆ. ಈಗ ರಾಶಿ ಅಡಿಕೆ ಕ್ವಿಂಟಾಲಿಗೆ 54 ರೂಪಾಯಿ ತೋರಿಸುತ್ತಿದೆ. ಊರಲ್ಲಿ ಎಲ್ಲ ನಗುತ್ತಿದ್ದಾರೆ.
— ಸಾಗರ

ನಗಲಿ ಬಿಡಿ, ಆ ರೇಟಿಗೆ ಸಿಗುವುದಾದರೆ ಮೊದಲು ನಾನೇ ಬಂದು ಕೊಳ್ಳುತ್ತೇನೆ.

ನೀವು ಕಳಿಸಿದ ಉತ್ತರದ ತುಣುಕು ನೋಡಿದೆ. ಬೆಲೆಗಳೆಲ್ಲ ಉದ್ಧರಣ ಚಿಹ್ನೆಯ ಒಳಗೆ ಇವೆ: "1,02,000", "54,000", "2,300". ಅಂದರೆ ಇವು ಸಂಖ್ಯೆಗಳಲ್ಲ, ಅಕ್ಷರಗಳ ಸಾಲು. ಅಕ್ಷರಗಳನ್ನು ಹೋಲಿಸುವಾಗ ಮೊದಲ ಅಕ್ಷರ ನೋಡುತ್ತಾರೆ. 5 ದೊಡ್ಡದು, ಆಮೇಲೆ 2, ಆಮೇಲೆ 1. ಹಾಗಾಗಿ ರಾಶಿ ಮೇಲೆ, ಭತ್ತ ನಡುವೆ, ಸರಕು ಪಾತಾಳದಲ್ಲಿ. ಜೇಸನ್‌ನಲ್ಲಿ ಸಂಖ್ಯೆಯನ್ನು ಸಂಖ್ಯೆಯಾಗಿಯೇ ಕಳಿಸುವ ಸೌಕರ್ಯ ಇದೆ, ಆದರೆ ಕಳಿಸುವವರು ಎಕ್ಸೆಲ್ ಹಾಳೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ತುಂಬಿಬಿಡುತ್ತಾರೆ.

ಇನ್ನು ಪಾರ್ಸ್‌ಇಂಟ್. ಅದು ಎಡದಿಂದ ಅಂಕಿ ಓದುತ್ತಾ ಹೋಗಿ, ಅಂಕಿ ಅಲ್ಲದ್ದು ಸಿಕ್ಕ ಕೂಡಲೇ ನಿಲ್ಲುತ್ತದೆ. ಅಲ್ಪವಿರಾಮ ಅಂಕಿ ಅಲ್ಲ. ಹಾಗಾಗಿ "54,000" ಅಂದರೆ 54. "1,02,000" ಅಂದರೆ ಬರೀ 1. ಸರಕು ಕ್ವಿಂಟಾಲಿಗೆ ಒಂದು ರೂಪಾಯಿ ಆಗಿದ್ದನ್ನು ನಿಮ್ಮ ಊರಿನವರು ಇನ್ನೂ ನೋಡಿಲ್ಲ ಅಂತ ಕಾಣುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಅಂದರೆ ಪಾರ್ಸ್‌ಇಂಟ್ ಇದನ್ನು ಸದ್ದಿಲ್ಲದೆ ಮಾಡುತ್ತದೆ. ಅದರ ಬದಲು ನಂಬರ್ ಅನ್ನುವ ಫಂಕ್ಷನ್ ಬಳಸಿದ್ದರೆ ನೇರವಾಗಿ 'ನಾನ್', ಅಂದರೆ "ಇದು ಸಂಖ್ಯೆಯೇ ಅಲ್ಲ" ಅಂತ ಬರುತ್ತಿತ್ತು, ನಿಮಗೂ ಆಗಲೇ ಗೊತ್ತಾಗುತ್ತಿತ್ತು.

ಮೊದಲು ರಿಪ್ಲೇಸ್‌ಆಲ್‌ನಿಂದ ಅಲ್ಪವಿರಾಮ ತೆಗೆಯಿರಿ, ಆಮೇಲೆ ನಂಬರ್‌ಗೆ ಕೊಡಿ. ಸಾರ್ಟ್ ಮಾಡುವಾಗ ಹೋಲಿಕೆಯ ಫಂಕ್ಷನ್ ನೀವೇ ಬರೆಯಿರಿ, 'ಬಿ'ಯಿಂದ 'ಎ' ಕಳೆಯುವುದು. ಬರೀ ಸಾರ್ಟ್ ಅಂತ ಕರೆದರೆ ಜಾವಾಸ್ಕ್ರಿಪ್ಟ್ ನಿಜವಾದ ಸಂಖ್ಯೆಗಳನ್ನೂ ಅಕ್ಷರ ಮಾಡಿಕೊಂಡೇ ಜೋಡಿಸುತ್ತದೆ.

ಇಷ್ಟಕ್ಕೆ ಮುಗಿಯಲಿಲ್ಲ. ಮಾರುಕಟ್ಟೆಗೆ ಆವಕ ಇಲ್ಲದ ದಿನ ಏನು ಬರುತ್ತದೆ ನೋಡಿದ್ದೀರಾ? ನಿಮ್ಮ ತುಣುಕಿನಲ್ಲಿ ಗೊರಬಲಿನ (ಅಡಿಕೆಯ ಇನ್ನೊಂದು ಬಗೆ) ಮುಂದೆ ಖಾಲಿ ಉದ್ಧರಣ ಚಿಹ್ನೆ ಇದೆ. ನಂಬರ್‌ಗೆ ಖಾಲಿ ಸಾಲು ಕೊಟ್ಟರೆ ಸೊನ್ನೆ ಬರುತ್ತದೆ, 'ನಲ್' ಕೊಟ್ಟರೂ ಸೊನ್ನೆ. ಅಂದರೆ ವ್ಯಾಪಾರವೇ ಆಗದ ದಿನ ನಿಮ್ಮ ಪುಟ ಗೊರಬಲಿಗೆ ರೇಟೇ ಇಲ್ಲ ಅನ್ನುವ ಬದಲು ರೇಟು ಸೊನ್ನೆ ಅನ್ನುತ್ತದೆ. ಬೆಳೆಗಾರ ನೋಡಿದರೆ ಎದೆ ಧಸಕ್ ಅನ್ನುತ್ತದೆ. ಅದೇ ಜಾಗದಲ್ಲಿ ಒಂದು ಅಡ್ಡಗೆರೆ ಇದ್ದರೆ 'ನಾನ್' ಬಂದು, ಸಾರ್ಟ್ ಒಳಗೆ ಅದು ಸೇರಿ ಇಡೀ ಜೋಡಣೆ ದಿಕ್ಕಾಪಾಲು. ಹಾಗಾಗಿ ಬೆಲೆ ಇಲ್ಲದ ಸಾಲುಗಳನ್ನು ಮೊದಲೇ ಬೇರೆ ಮಾಡಿ, ಕೆಳಗೆ "ಆವಕ ಇಲ್ಲ" ಅಂತ ತೋರಿಸಿ.

ಕೊನೆಗೆ ಪುಟಕ್ಕೆ ತುಂಬುವಾಗ ಇನ್ನರ್‌ಎಚ್‌ಟಿಎಂಎಲ್ ಬೇಡ, ಟೆಕ್ಸ್ಟ್‌ಕಂಟೆಂಟ್ ಬಳಸಿ. ಬೇರೆಯವರ ಡೇಟಾದಲ್ಲಿ ಏನು ಅಡಗಿರುತ್ತದೆ ಹೇಳಲಾಗದು.

ಪ್ರಶ್ನೆ: 404 (ಪುಟ ಸಿಗಲಿಲ್ಲ ಅನ್ನುವ ಸ್ಟೇಟಸ್) ಬಂದರೂ ಕ್ಯಾಚ್ (ಎರರ್ ಹಿಡಿಯುವ ಭಾಗ) ಒಳಗೆ ಹೋಗುವುದಿಲ್ಲ ಯಾಕೆ? ಮತ್ತೆ, 'ಅನ್‌ಎಕ್ಸ್‌ಪೆಕ್ಟೆಡ್ ಟೋಕನ್' ಅಂತ ಒಂದು ಕೋನ ಚಿಹ್ನೆ ತೋರಿಸಿ ಎರರ್ ಬರುತ್ತದೆ. ನನ್ನ ಕೋಡಿನಲ್ಲಿ ಅಂಥ ಚಿಹ್ನೆ ಎಲ್ಲೂ ಇಲ್ಲ.
— ಹುಬ್ಬಳ್ಳಿ

ಫೆಚ್ಚಿನ ಮಟ್ಟಿಗೆ ಸರ್ವರ್ "ಇಲ್ಲ" ಅಂದರೂ ಅದು ಉತ್ತರವೇ. ಉತ್ತರವೇ ಬಾರದೆ ಹೋದರೆ, ಅಂದರೆ ನೆಟ್ ಇಲ್ಲ, ಹೋಸ್ಟ್ ಸಿಗಲಿಲ್ಲ, ಕಾರ್ಸ್ ತಡೆಯಿತು, ಅಂಥದ್ದಕ್ಕೆ ಮಾತ್ರ ಕ್ಯಾಚ್ ಒಳಗೆ ಹೋಗುತ್ತದೆ. 404, 500 ಎಲ್ಲ ಮಾಮೂಲಿ ದಾರಿಯಲ್ಲೇ ಬರುತ್ತವೆ. ಆದ್ದರಿಂದ ಉತ್ತರ ಬಂದ ಕೂಡಲೇ ಅದರ ಡಾಟ್ ಓಕೆ ನೋಡಿ. ಸ್ಟೇಟಸ್ 200ರಿಂದ 299ರ ಒಳಗಿದ್ದರೆ ಮಾತ್ರ ಅದು ಟ್ರೂ. ಇಲ್ಲದಿದ್ದರೆ ನೀವೇ ಎರರ್ ಎಸೆಯಿರಿ.

ಆ ಕೋನ ಚಿಹ್ನೆ ನಿಮ್ಮದಲ್ಲ, ಸರ್ವರಿನದು. ನೀವು ಜೇಸನ್ ಬರುತ್ತದೆ ಅಂತ ಕಾದಿದ್ದೀರಿ, ಬಂದದ್ದು ಎಚ್‌ಟಿಎಂಎಲ್ ಪುಟ. ಎಚ್‌ಟಿಎಂಎಲ್ ಶುರುವಾಗುವುದೇ ಆ ಚಿಹ್ನೆಯಿಂದ. ವಿಳಾಸ ತಪ್ಪಿ 404ರ ಅಂದದ ಪುಟ ಬಂದಿರಬಹುದು. ಅಥವಾ ಲಾಗಿನ್ ಅವಧಿ ಮುಗಿದು ಸರ್ವರ್ ನಿಮ್ಮನ್ನು ಲಾಗಿನ್ ಪುಟಕ್ಕೆ ತಿರುಗಿಸಿರುತ್ತದೆ, ಫೆಚ್ ಹೇಳದೆ ಕೇಳದೆ ಅದರ ಹಿಂದೆ ಹೋಗಿ ಲಾಗಿನ್ ಪುಟವನ್ನೇ 200 ಸ್ಟೇಟಸ್ ಸಮೇತ ತಂದು ನಿಮ್ಮ ಮುಂದೆ ಇಡುತ್ತದೆ. ಇಲ್ಲಿ ಡಾಟ್ ಓಕೆ ಕೂಡ ನಿಮ್ಮನ್ನು ಕಾಪಾಡುವುದಿಲ್ಲ. ಡಾಟ್ ರೀಡೈರೆಕ್ಟೆಡ್ ಟ್ರೂ ಇದೆಯಾ, ಕಂಟೆಂಟ್-ಟೈಪ್ ಹೆಡರಿನಲ್ಲಿ ಜೇಸನ್ ಅಂತ ಇದೆಯಾ, ಎರಡನ್ನೂ ನೋಡಬೇಕು.

ಬಂದದ್ದೇನು ಅಂತ ನೋಡಲು ಡಾಟ್ ಟೆಕ್ಸ್ಟ್ ಒಮ್ಮೆ, ಆಮೇಲೆ ಡಾಟ್ ಜೇಸನ್ ಇನ್ನೊಮ್ಮೆ ಕರೆಯಬೇಡಿ, ಉತ್ತರದ ಒಡಲನ್ನು ಒಂದೇ ಸಲ ಓದಬಹುದು. ಟೆಕ್ಸ್ಟ್ ಆಗಿ ತೆಗೆದುಕೊಂಡು ನೀವೇ ಜೇಸನ್.ಪಾರ್ಸ್ ಮಾಡಿದರೆ, ಕೆಟ್ಟಾಗ ಮೊದಲ ನೂರು ಅಕ್ಷರ ಪ್ರಿಂಟ್ ಮಾಡಿ ನೋಡಬಹುದು.

ಪ್ರಶ್ನೆ: ಕನ್ನಡ ವಿಕಿಪೀಡಿಯದಿಂದ ಲೇಖನದ ಪರಿಚಯ ತರಿಸುವ ಪುಟ ಮಾಡುತ್ತಿದ್ದೇನೆ. ಮೊದಲು ಕಾರ್ಸ್ ಎರರ್ ಬರುತ್ತಿತ್ತು. ಈಗ ಕೆಲವು ಪದಕ್ಕೆ ಬರುತ್ತದೆ, ಕೆಲವಕ್ಕೆ ಇಲ್ಲ. ನೆಟ್‌ವರ್ಕ್ ಟ್ಯಾಬಿನಲ್ಲಿ ನಾನು ಬರೆದ 'ಮೈಸೂರು' ಬದಲು ಶೇಕಡಾ ಚಿಹ್ನೆಗಳ ರಾಶಿಯೇ ಕಾಣುತ್ತದೆ.
— ಪ್ರೌಢಶಾಲೆಯ ಕನ್ನಡ ಶಿಕ್ಷಕಿ, ಧಾರವಾಡ

ಶಿಕ್ಷಕಿಯೊಬ್ಬರು ಇಷ್ಟು ಮುಂದೆ ಬಂದಿರುವುದು ಖುಷಿ. ಒಂದೊಂದೇ ನೋಡೋಣ.

ವಿಕಿಪೀಡಿಯದ ಎಪಿಐ ಲಾಗಿನ್ ಇಲ್ಲದ ಬ್ರೌಸರ್ ಕೋಡಿಗೆ ಒಪ್ಪಿಗೆ ಕೊಡಬೇಕಾದರೆ ವಿಳಾಸದ ಕೊನೆಗೆ ಒರಿಜಿನ್ ಸಮ ನಕ್ಷತ್ರ ಚಿಹ್ನೆ ಸೇರಿಸಬೇಕು. ನೀವು ಅದನ್ನು ಸೇರಿಸಿರಬೇಕು, ಅದಕ್ಕೇ ಕಾರ್ಸ್ ಹೋಯಿತು. ಜೊತೆಗೆ ಫಾರ್ಮ್ಯಾಟ್‌ವರ್ಷನ್ ಸಮ 2 ಅಂತಲೂ ಹಾಕಿ. ಇಲ್ಲದಿದ್ದರೆ ಪುಟಗಳು ಪುಟದ ಐಡಿಯ ಹೆಸರಿನಲ್ಲಿ ಬರುತ್ತವೆ, ಇಲ್ಲದ ಪುಟ -1 ಅನ್ನುವ ಹೆಸರಿನಲ್ಲಿ ಬರುತ್ತದೆ. ಗಮನಿಸಿ, ಲೇಖನ ಇಲ್ಲದಿದ್ದರೂ ಸ್ಟೇಟಸ್ 200. "ಇಲ್ಲ" ಅನ್ನುವುದು ಒಳಗೆ 'ಮಿಸ್ಸಿಂಗ್' ಅನ್ನುವ ಗುರುತಾಗಿ ಇರುತ್ತದೆ.

ಶೇಕಡಾ ಚಿಹ್ನೆಗಳ ರಾಶಿ ತಪ್ಪಲ್ಲ. ವಿಳಾಸದಲ್ಲಿ ಕನ್ನಡ ನೇರವಾಗಿ ಹೋಗುವುದಿಲ್ಲ, ಯುಟಿಎಫ್-8 ಬೈಟುಗಳಾಗಿ ಹೋಗುತ್ತದೆ. ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟು, ಒಂದೊಂದು ಬೈಟಿಗೆ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರ. ಬರೀ 'ಕ' ಹೋಗುವುದು %ಇ0%ಬಿ2%95 ಅಂತ. 'ಮೈಸೂರು' ನಮ್ಮ ಕಣ್ಣಿಗೆ ಮೂರಕ್ಷರ, ಯೂನಿಕೋಡಿನಲ್ಲಿ ಮ, ಐತ್ವ, ಸ, ಊತ್ವ, ರ, ಉತ್ವ ಸೇರಿ ಆರು, ವಿಳಾಸದಲ್ಲಿ 54. ಇದನ್ನು ಬ್ರೌಸರ್ ತಾನೇ ಮಾಡಿಕೊಳ್ಳುತ್ತದೆ.

ಹಾಗಾದರೆ ಎನ್‌ಕೋಡ್ ಮಾಡುವ ಫಂಕ್ಷನ್ ಯಾಕೆ ಬೇಕು? ಬಳಸುವವರು ಹುಡುಕು ಪೆಟ್ಟಿಗೆಯಲ್ಲಿ ಆ್ಯಂಪರ್‌ಸ್ಯಾಂಡೋ ಹ್ಯಾಶ್ ಚಿಹ್ನೆಯೋ ಹೊಡೆದರೆ ವಿಳಾಸ ಅಲ್ಲೇ ತುಂಡಾಗುತ್ತದೆ. ಹ್ಯಾಶ್ ನಂತರದ ಭಾಗ ಸರ್ವರಿಗೆ ಹೋಗುವುದೇ ಇಲ್ಲ. ಕೈಯಿಂದ ಸಾಲು ಜೋಡಿಸುವ ಬದಲು ಯುಆರ್‌ಎಲ್‌ಸರ್ಚ್‌ಪ್ಯಾರಾಮ್ಸ್ ಬಳಸಿ, ಎಲ್ಲ ಅದೇ ನೋಡಿಕೊಳ್ಳುತ್ತದೆ. ಆದರೆ ಮೊದಲು ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್ ಮಾಡಿ ಮತ್ತೆ ಇದಕ್ಕೂ ಕೊಟ್ಟರೆ ಎರಡು ಸಲ ಎನ್‌ಕೋಡ್ ಆಗುತ್ತದೆ. ವಿಳಾಸದಲ್ಲಿ %25 ಅಂತ ಮತ್ತೆ ಮತ್ತೆ ಕಂಡರೆ ಅದೇ ಆಗಿದೆ ಅಂತ ತಿಳಿಯಿರಿ. ಪ್ರಶ್ನೆಯ ಜೊತೆ ಕಳಿಸಿದ ಚಿತ್ರದಲ್ಲಿ ಒಂದು ಕಡೆ ಅದು ಕಾಣುತ್ತಿದೆ, "ಕೆಲವು ಪದಕ್ಕೆ ಬರುವುದಿಲ್ಲ" ಅನ್ನುವುದಕ್ಕೆ ಕಾರಣ ಅದೇ ಇರಬೇಕು.

ಇನ್ನೊಂದು ಸೂಕ್ಷ್ಮ ಇದೆ, ಕನ್ನಡದಲ್ಲಿ ಕೆಲಸ ಮಾಡುವವರಿಗೆ ಎದುರಾಗುವಂಥದ್ದು. 'ಕೊಡಗು' ಅಂತ ನೀವು ಬರೆದದ್ದೂ, ಸರ್ವಿಸ್‌ನಿಂದ ಬಂದದ್ದೂ ಕಣ್ಣಿಗೆ ಒಂದೇ. ಆದರೆ ಮೂರು ಸಮ ಚಿಹ್ನೆ ಹಾಕಿ ಹೋಲಿಸಿದರೆ ಫಾಲ್ಸ್ ಬರಬಹುದು. ಯಾಕೆಂದರೆ ಒತ್ವವನ್ನು ಯೂನಿಕೋಡಿನಲ್ಲಿ ಎರಡು ರೀತಿ ಇಡಬಹುದು: ಒಂದೇ ಚಿಹ್ನೆಯಾಗಿ, ಇಲ್ಲವೇ ಎತ್ವ ಮತ್ತು ಊತ್ವ ಎಂಬ ಎರಡು ತುಂಡಾಗಿ. ಮೊದಲನೆಯದಾದರೆ 'ಕೊಡಗು' ಪದದ ಲೆಂತ್ 5, ಎರಡನೆಯದಾದರೆ 6. ದೀರ್ಘ ಈತ್ವ, ಏತ್ವ, ಐತ್ವ, ಓತ್ವಕ್ಕೂ ಇದೇ ಗೋಳು. ಹೋಲಿಸುವ ಮೊದಲು ಎರಡೂ ಕಡೆ ಡಾಟ್ ನಾರ್ಮಲೈಸ್ ಮಾಡಿ, ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ತನ್ನಿ. ಒಂದೇ ಸಾಲಿನ ಕೆಲಸ. ಗೊತ್ತಿಲ್ಲದಿದ್ದರೆ ಎಷ್ಟು ಹೊತ್ತು ದಿಟ್ಟಿಸಿದರೂ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಪ್ರಶ್ನೆ: ಹೋಂಸ್ಟೇ ಪುಟಕ್ಕೆ ಓಪನ್-ಮೀಟಿಯೊದಿಂದ ಹವಾಮಾನ ತರಿಸುತ್ತೇನೆ. ಗಂಟೆಗಂಟೆಯ ಪಟ್ಟಿಯಲ್ಲಿ ಬೆಳಿಗ್ಗೆ ಒಂಬತ್ತಕ್ಕೇ ಅತಿ ಹೆಚ್ಚು ಬಿಸಿ, ಮಧ್ಯಾಹ್ನದಿಂದಲೇ ತಣ್ಣಗಾಗುತ್ತದೆ. ಮಡಿಕೇರಿ ವಿಚಿತ್ರ ಊರು ನಿಜ, ಆದರೆ ಇಷ್ಟಾ?
— ಮಡಿಕೇರಿ

ಊರು ಸರಿಯಾಗಿಯೇ ಇದೆ. ಆ ಸರ್ವಿಸ್ ನೀವು ಏನೂ ಹೇಳದಿದ್ದರೆ ಸಮಯವನ್ನು ಜಿಎಂಟಿಯಲ್ಲಿ ಕೊಡುತ್ತದೆ, ಮತ್ತು ಸಮಯದ ಕೊನೆಗೆ ಯಾವ ವಲಯ ಅಂತ ಬರೆದಿರುವುದಿಲ್ಲ. ವಲಯ ಇಲ್ಲದ ದಿನಾಂಕ-ಸಮಯವನ್ನು ಜಾವಾಸ್ಕ್ರಿಪ್ಟಿನ ಡೇಟ್ ಸ್ಥಳೀಯ ಸಮಯ ಅಂದುಕೊಳ್ಳುತ್ತದೆ. ಅಲ್ಲಿಗೆ ಐದೂವರೆ ಗಂಟೆ ಹಿಂದೆ. ನಿಮ್ಮ ಮಧ್ಯಾಹ್ನ ಎರಡೂವರೆಯ ಬಿಸಿಲು ಪಟ್ಟಿಯಲ್ಲಿ ಒಂಬತ್ತು ಗಂಟೆಗೆ ಬಿದ್ದಿದೆ. ವಿಳಾಸದಲ್ಲಿ ಟೈಮ್‌ಝೋನ್ ಸಮ ಏಷ್ಯಾ/ಕೋಲ್ಕತ್ತಾ ಅಂತ ಸೇರಿಸಿದರೆ ಸರಿಹೋಗುತ್ತದೆ. ಅಂದ ಹಾಗೆ, ಆ ಸರ್ವಿಸ್ ಕೀ ಇಲ್ಲದೆ ಬಿಟ್ಟಿ ಸಿಗುವುದು ವ್ಯಾಪಾರಕ್ಕಲ್ಲದ ಬಳಕೆಗೆ. ಹೋಂಸ್ಟೇ ಬುಕಿಂಗ್ ಪುಟ ವ್ಯಾಪಾರವೇ ತಾನೆ? ನಿಬಂಧನೆ ಒಮ್ಮೆ ಓದಿಕೊಳ್ಳಿ.

ಪ್ರಶ್ನೆ: ಇಲ್ಲಿನ ಕನ್ನಡ ಶಾಲೆಯ ಹಬ್ಬಗಳ ಪಟ್ಟಿಯನ್ನು ಜೇಸನ್‌ನಿಂದ ತರಿಸುತ್ತೇವೆ. ನವೆಂಬರ್ 1 ಅಂತ ಇದ್ದರೂ ರಾಜ್ಯೋತ್ಸವ ಅಕ್ಟೋಬರ್ 31ಕ್ಕೆ ಕಾಣುತ್ತದೆ. ಬೆಂಗಳೂರಿನ ಅಣ್ಣ ನೋಡಿದರೆ ಸರಿಯಾಗಿದೆ ಅನ್ನುತ್ತಾನೆ.
— ನ್ಯೂಜೆರ್ಸಿ

ಮೇಲಿನ ಪ್ರಶ್ನೆಯ ಉಲ್ಟಾ ಇದು. ಸಮಯ ಇಲ್ಲದೆ ಬರೀ ದಿನಾಂಕ, 2025-11-01 ಅಂತ ಕೊಟ್ಟರೆ ಅದೇ ಡೇಟ್ ಈಗ ಅದನ್ನು ಯುಟಿಸಿ ಮಧ್ಯರಾತ್ರಿ ಅಂತ ಓದುತ್ತದೆ. ಆ ಹೊತ್ತಿಗೆ ನಿಮ್ಮಲ್ಲಿ ಇನ್ನೂ ಅಕ್ಟೋಬರ್ 31ರ ರಾತ್ರಿ ಎಂಟು ಗಂಟೆ. ಬೆಂಗಳೂರಲ್ಲಿ ಬೆಳಗಿನ ಐದೂವರೆ, ಹಾಗಾಗಿ ಅಣ್ಣನಿಗೆ ಸರಿ. ಸಮಯ ಇದ್ದರೆ ಸ್ಥಳೀಯ, ಇಲ್ಲದಿದ್ದರೆ ಯುಟಿಸಿ: ಇಂಥ ನಿಯಮ ಯಾಕಿಟ್ಟರೋ ದೇವರೇ ಬಲ್ಲ, ಆದರೆ ಇದೆ. ಹಬ್ಬಕ್ಕೆ ಗಂಟೆ ಬೇಡ. ಅಡ್ಡಗೆರೆಯಲ್ಲಿ ಒಡೆದು ವರ್ಷ, ತಿಂಗಳು, ದಿನ ಬೇರೆ ಮಾಡಿ ತೋರಿಸಿ, ಡೇಟ್ ಗೊಡವೆಗೇ ಹೋಗಬೇಡಿ.

ಪ್ರಶ್ನೆ: ಎಪಿಐ ಕೀಯನ್ನು (ಎಪಿಐ ಬಳಸಲು ಕೊಡುವ ಗುಟ್ಟಿನ ಸಂಕೇತ) ಎನ್ವ್ ಫೈಲಿನಲ್ಲಿ (ಸೆಟ್ಟಿಂಗ್ ಬರೆದಿಡುವ ಫೈಲು) ಬಚ್ಚಿಟ್ಟಿದ್ದೇನೆ. ಸುರಕ್ಷಿತ ತಾನೆ?
— ತುಮಕೂರು

ಇಲ್ಲ. ಬ್ರೌಸರಿಗೆ ಹೋಗುವ ಕೋಡಿನಲ್ಲಿ ಗುಟ್ಟು ಅನ್ನುವುದೇ ಇಲ್ಲ. ವೀಟ್ (ಕೋಡನ್ನು ಬ್ರೌಸರಿಗೆ ಸಿದ್ಧ ಮಾಡುವ ಸಲಕರಣೆ) ಬಳಸುವಾಗ ವೀಟ್ ಅಂತ ಶುರುವಾಗುವ ಹೆಸರಿನ ಕೀ ಬಿಲ್ಡ್ ಮಾಡಿದಾಗ ನೇರವಾಗಿ ಜಾವಾಸ್ಕ್ರಿಪ್ಟ್ ಫೈಲಿನ ಒಳಗೆ ಹೋಗಿ ಕೂರುತ್ತದೆ, ನೆಟ್‌ವರ್ಕ್ ಟ್ಯಾಬ್ ತೆರೆದ ಯಾರಿಗಾದರೂ ಕಾಣುತ್ತದೆ. ದುಡ್ಡು ಕಟ್ಟುವ ಕೀ ಆದರೆ ಸರ್ವರಿನಲ್ಲೇ ಇಡಿ. ಆಗಲೇ ಗಿಟ್‌ಹಬ್‌ಗೆ ಏರಿಸಿದ್ದರೆ ಕೀ ಬದಲಿಸಿ, ಫೈಲ್ ಅಳಿಸಿದರೆ ಸಾಲದು, ಹಳೆಯ ಕಮಿಟ್‌ನಲ್ಲಿ ಉಳಿದಿರುತ್ತದೆ.

ಪ್ರಶ್ನೆ: ಪದಕೋಶದ ಹುಡುಕು ಪೆಟ್ಟಿಗೆ ಮಾಡಿದ್ದೇನೆ. 'ಹಂಪಿ' ಅಂತ ಪೂರ್ತಿ ಹೊಡೆದರೂ ಒಮ್ಮೊಮ್ಮೆ 'ಹಂ' ಪಟ್ಟಿಯೇ ಬಂದು ನಿಲ್ಲುತ್ತದೆ.
— ಹೊಸಪೇಟೆ

ನೀವು ಮೊದಲು ಕಳಿಸಿದ ವಿನಂತಿಯ ಉತ್ತರವೇ ಮೊದಲು ಬರಬೇಕು ಅಂತೇನೂ ಇಲ್ಲ. 'ಹಂ' ಅಂತ ಶುರುವಾಗುವ ಪದಗಳು ಜಾಸ್ತಿ, ಸರ್ವರ್ ನಿಧಾನಕ್ಕೆ ಕಳಿಸುತ್ತದೆ. 'ಹಂಪಿ' ಬೇಗ ಬಂದುಬಿಡುತ್ತದೆ. ಆಮೇಲೆ ತಡವಾಗಿ ಬಂದ 'ಹಂ' ಅದರ ಮೇಲೇ ಕೂರುತ್ತದೆ. ಹೊಸದನ್ನು ಕಳಿಸುವ ಮೊದಲು ಹಳೆಯದನ್ನು ಅಬಾರ್ಟ್‌ಕಂಟ್ರೋಲರಿನಿಂದ ರದ್ದು ಮಾಡಿ. ರದ್ದಾದದ್ದು ಕ್ಯಾಚ್ ಒಳಗೆ 'ಅಬಾರ್ಟ್‌ಎರರ್' ಹೆಸರಿನಲ್ಲಿ ಬರುತ್ತದೆ, ಅದನ್ನು ಬಳಸುವವರಿಗೆ ತೋರಿಸದೆ ನುಂಗಿಕೊಳ್ಳಿ. ಜೊತೆಗೆ ಬೆರಳು ನಿಂತ ಮೇಲೆ 300 ಮಿಲಿಸೆಕೆಂಡ್ ಕಾದು ಕಳಿಸಿದರೆ ಸರ್ವರಿಗೂ ಉಸಿರಾಡಲು ಬಿಡುವು.

ಇಂಗ್ಲಿಷಿನಲ್ಲಿ ಹೊಡೆದು ಕನ್ನಡ ಬರಿಸುವ ಕೀಬೋರ್ಡುಗಳಲ್ಲಿ ಪದ ಇನ್ನೂ ರೂಪುಗೊಳ್ಳುವಾಗಲೇ ಇನ್‌ಪುಟ್ ಈವೆಂಟ್ ಬರಬಹುದು. ಈವೆಂಟಿನ ಈಸ್‌ಕಂಪೋಸಿಂಗ್ ಟ್ರೂ ಇದ್ದಾಗ ಸುಮ್ನೆ ಇರಿ, ಕಂಪೋಸಿಷನ್‌ಎಂಡ್ ಬಂದ ಮೇಲೆ ಹುಡುಕಿ. ಹಾಗೇ ಫೆಚ್ಚಿಗೆ ಇಷ್ಟು ಹೊತ್ತಾದರೆ ಬಿಟ್ಟುಬಿಡು ಅನ್ನುವ ಆಯ್ಕೆ ತನ್ನದಾಗಿ ಇಲ್ಲ. ಅಬಾರ್ಟ್‌ಸಿಗ್ನಲ್.ಟೈಮ್‌ಔಟ್‌ಗೆ 8000 ಕೊಟ್ಟರೆ ಎಂಟು ಸೆಕೆಂಡಿಗೆ ಕೈಬಿಡುತ್ತದೆ.

ಪ್ರಶ್ನೆ: ನಮ್ಮ ಲೆಕ್ಚರರ್ ಇನ್ನೂ ಎಕ್ಸ್‌ಎಂಎಲ್‌ಎಚ್‌ಟಿಟಿಪಿರಿಕ್ವೆಸ್ಟ್ ಕಲಿಸುತ್ತಿದ್ದಾರೆ. ಅದು ಸತ್ತಿಲ್ಲವೇ?
— ಕಲಬುರಗಿ

ಸತ್ತಿಲ್ಲ. ಫೆಚ್ಚಿಗೂ ಮುಂಚೆ ಡೇಟಾ ತರಲು ಇದ್ದ ದಾರಿ ಅದು. 1999ರಲ್ಲಿ ಮೈಕ್ರೋಸಾಫ್ಟಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರ ಜೊತೆ ಬಂದದ್ದು, ಔಟ್‌ಲುಕ್ಕನ್ನು ಬ್ರೌಸರಿನಲ್ಲಿ ಓಡಿಸಲು. 2004ರ ಜಿಮೇಲ್, 2005ರ ಗೂಗಲ್ ಮ್ಯಾಪ್ಸ್ ಈ ದಾರಿಯಲ್ಲೇ ಬೆಳೆದವು. ಅದೇ 2005ರಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಈ ವಿಧಾನಕ್ಕೆ ಅಜಾಕ್ಸ್ ಅಂತ ಹೆಸರಿಟ್ಟರು. ಫೆಚ್ ಕ್ರೋಮ್ ಮತ್ತು ಫೈರ್‌ಫಾಕ್ಸಿಗೆ ಬಂದದ್ದು 2015ರಲ್ಲಿ, ಸಫಾರಿಗೆ 2017ರಲ್ಲಿ. ಹೊಸ ಕೋಡಿಗೆ ಫೆಚ್ ಸಾಕು. ಆದರೆ ದೊಡ್ಡ ಫೈಲ್ ಅಪ್‌ಲೋಡ್ ಆಗುವಾಗ ಎಷ್ಟು ಶೇಕಡಾ ಹೋಯಿತು ಅಂತ ಪಟ್ಟಿ ತೋರಿಸಬೇಕಾದರೆ ಇವತ್ತಿಗೂ ಹಳೆಯದೇ ಸುಲಭ. ಲೆಕ್ಚರರನ್ನು ರೇಗಿಸಬೇಡಿ.

ಪ್ರಶ್ನೆ: ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿ. ಅದೇ ಪುಟವನ್ನು ಅದೇ ವೈಫೈನಲ್ಲಿ ಮೊಬೈಲಿನಿಂದ ತೆರೆದರೆ ಪುಟ ಬರುತ್ತದೆ, ಡೇಟಾ ಬರುವುದಿಲ್ಲ. ಹೋಸ್ಟ್ ಮಾಡಿದ ಮೇಲೂ ಅಷ್ಟೇ.
— ಉಡುಪಿ

ಕೋಡಿನಲ್ಲಿ ಲೋಕಲ್‌ಹೋಸ್ಟ್:3000 ಅಂತ ಬರೆದಿದ್ದೀರಿ ಅಲ್ವಾ? ಆ ಕೋಡು ಓಡುವುದು ಮೊಬೈಲಿನಲ್ಲಿ. ಮೊಬೈಲಿಗೆ ಲೋಕಲ್‌ಹೋಸ್ಟ್ ಅಂದರೆ ಮೊಬೈಲೇ, ಅಲ್ಲಿ ನಿಮ್ಮ ಸರ್ವರ್ ಇಲ್ಲ. ಹೋಸ್ಟ್ ಮಾಡಿದ ಮೇಲೂ ಅದೇ ಸಾಲು ಉಳಿದಿದ್ದರೆ ಅದೇ ಕಾರಣ. ಸಾಲು ಬದಲಿಸಿಯೂ ಬರದಿದ್ದರೆ ಎಪಿಐ ವಿಳಾಸ ಬರೀ ಎಚ್‌ಟಿಟಿಪಿ ಇದೆಯಾ ನೋಡಿ. ಎಚ್‌ಟಿಟಿಪಿಎಸ್ ಪುಟದಿಂದ ಎಚ್‌ಟಿಟಿಪಿ ಸರ್ವಿಸ್ ಕರೆದರೆ ಬ್ರೌಸರ್ ತಡೆಯುತ್ತದೆ. ಪೂರ್ತಿ ವಿಳಾಸದ ಬದಲು ಓರೆಗೆರೆ ಎಪಿಐ ಅಂತ ಶುರು ಮಾಡಿ ಬರೆಯಿರಿ. ಡೆವಲಪ್‌ಮೆಂಟಿನಲ್ಲಿ ವೀಟ್‌ನ ಪ್ರಾಕ್ಸಿಗೆ (ವಿನಂತಿ ದಾಟಿಸುವ ಮಧ್ಯವರ್ತಿ) ಹೇಳಿ ಅದನ್ನು 3000ಕ್ಕೆ ತಿರುಗಿಸಿ, ಹೋಸ್ಟಿಂಗಿನಲ್ಲಿ ಎರಡನ್ನೂ ಒಂದೇ ಡೊಮೇನಿನ ಕೆಳಗೆ ಇಡಿ. ಆಗ ಕಾರ್ಸ್ ಹೆಡರ್ ಕೂಡ ಬೇಕಾಗುವುದಿಲ್ಲ.